ತಕ್ಕಡಿಯ ನಾಲ್ಕಂಕಿ ತಕರಾರು: ಡ್ರೈವರ್ ತಾನಾಗಿ ಲೋಡ್ ಆಗುವಂತೆ ಮಾಡಿದ ಕತೆ

ಕರ್ನಲ್ (ಲಿನಕ್ಸ್‌ನ ತಿರುಳು) ಸೋರ್ಸ್ ತಿದ್ದಿ ಮತ್ತೆ ಕಂಪೈಲ್ ಮಾಡದೆ ನನ್ನ ಹಳೆಯ ತಕ್ಕಡಿಗಳನ್ನು ಲಿನಕ್ಸ್ ಗುರುತಿಸಲ್ಲ ಎಂದು ಗೊತ್ತಿರುವವರು ಮೂವರು ಹೇಳಿದ್ದರು. ಆಯಿತು. ಒಂದು ಸಾಲೂ ಕಂಪೈಲ್ ಮಾಡಿಲ್ಲ. ಏಳು ತಿಂಗಳಿಂದ ನಾಲ್ಕು ಹಳೆಯ ಎಲೆಕ್ಟ್ರಾನಿಕ್ ತಕ್ಕಡಿಗಳು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದ ಕೂಡಲೇ ತೂಕ ಕಳಿಸುತ್ತಿವೆ.

ಮೊದಲು ದುಡ್ಡು ಕಳೆದದ್ದು ಹೇಳಿಬಿಡುತ್ತೇನೆ. ಕೇಬಲ್ ಹೋಗಿದೆ ಎಂದುಕೊಂಡು ಎರಡು ಕೇಬಲ್ ತಂದೆ. ಪವರ್ ಸಾಲುತ್ತಿಲ್ಲ ಎಂದು ಒಂದು ಹಬ್. ತಯಾರಕರ ಡ್ರೈವರ್ ಹಳೆಯ ವಿಂಡೋಸ್‌ಗೆ ಮಾತ್ರ ಇತ್ತು, ಅದಕ್ಕೆಂದೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆ. ಅದರ ಬ್ಯಾಟರಿ ಸತ್ತಿತ್ತು. ಎಲ್ಲಾ ಸೇರಿ ಒಂದು ಹೊಸ ತಕ್ಕಡಿಯ ಅರ್ಧ ಬೆಲೆ ಆಗಿರಬೇಕು. ಕೂಡಿಸಿ ನೋಡುವ ಧೈರ್ಯ ಬಂದಿಲ್ಲ.

ಸುಮ್ನೆ ಎಲ್‌ಎಸ್‌ಯುಎಸ್‌ಬಿ (ಸಿಕ್ಕಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟು ನೋಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಒಳಗಿದ್ದದ್ದು ಎಫ್‌ಟಿಡಿಐ ಸೀರಿಯಲ್ ಚಿಪ್ (ಸೀರಿಯಲ್ ಸಂಕೇತವನ್ನು ಯುಎಸ್‌ಬಿಗೆ ಬದಲಿಸುವ ಚಿಪ್). ವೆಂಡರ್ ನಂಬರ್ (ಚಿಪ್ ಕಂಪನಿಯ ಗುರುತು) 0403, ಸರಿಯಾಗಿಯೇ ಇದೆ. ಪ್ರಾಡಕ್ಟ್ ನಂಬರ್ ಮಾತ್ರ ಈ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 6001 ಅಲ್ಲ. ತಯಾರಕರು ಅಲ್ಲಿ ತಮ್ಮದೇ ನಾಲ್ಕಂಕಿ ಬರೆದುಬಿಟ್ಟಿದ್ದರು. ಅಷ್ಟಕ್ಕೇ ಕರ್ನಲ್ ಇದರ ಗುರುತು ಹಿಡಿಯುತ್ತಿರಲಿಲ್ಲ.

ಎಫ್‌ಟಿಡಿಐ ಮಾಡ್ಯೂಲನ್ನು (ಬೇಕಾದಾಗ ಕರ್ನಲ್ಲಿಗೆ ಸೇರುವ ಡ್ರೈವರ್ ತುಂಡು) ಕೈಯಾರೆ ಮೋಡ್‌ಪ್ರೋಬ್ ಮಾಡಿದೆ, ಅಂದರೆ ಆದೇಶ ಕೊಟ್ಟು ಲೋಡ್ ಮಾಡಿದೆ. ಲೋಡ್ ಆಯಿತು, ತೂಕ ಓದಬೇಕಾದ ಪೋರ್ಟ್ ಬರಲಿಲ್ಲ. ಸಿಕ್ಕಿಸಿದಾಗ ತಾನಾಗಿ ಲೋಡ್ ಆಗಲಿ ಎಂದು ಮೋಡ್‌ಪ್ರೋಬ್ ಡೈರೆಕ್ಟರಿಯಲ್ಲಿ ಈ ನಂಬರ್ ಬಂದರೆ ಈ ಮಾಡ್ಯೂಲ್ ಕರೆ ಎನ್ನುವ ಒಂದು ಅಲಿಯಾಸ್ ಸಾಲು ಬರೆದೆ. ತಕ್ಕಡಿ ಸಿಕ್ಕಿಸಿದರೆ ಮಾಡ್ಯೂಲ್ ತಾನೇ ಬರುತ್ತಿದೆ! ಪೋರ್ಟ್ ಮಾತ್ರ ಆಗಲೂ ಇಲ್ಲ. ಇಲ್ಲೇ ನಾನು ಹತ್ತು ದಿನ ಕೂತೆ.

ವಿಷಯ ಇಷ್ಟೇ. ಅಲಿಯಾಸ್ ಪಟ್ಟಿ ಯಾರನ್ನು ಕರೆಯಬೇಕು ಅನ್ನುವುದನ್ನು ಮಾತ್ರ ಹೇಳುತ್ತದೆ. ಬಂದ ಡ್ರೈವರ್ ತನ್ನ ಹೊಟ್ಟೆಯೊಳಗಿನ ಇನ್ನೊಂದು ಪಟ್ಟಿ ತೆಗೆದು ನೋಡುತ್ತದೆ. ಅದರಲ್ಲಿ ನಂಬರ್ ಇಲ್ಲದಿದ್ದರೆ ಮುಟ್ಟುವುದಿಲ್ಲ. ಕರೆದದ್ದು ನಾನು, ಆದರೆ ಕೆಲಸ ಒಪ್ಪಿಕೊಳ್ಳುವುದು ಅದರ ಇಷ್ಟ.

ಆ ಎರಡನೇ ಪಟ್ಟಿಗೆ ಸೇರಿಸಲು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಒಳಗಿನದನ್ನು ಫೈಲ್‌ಗಳಾಗಿ ತೋರಿಸುವ ಜಾಗ) ನ್ಯೂ-ಐಡಿ ಫೈಲ್ ಇದೆ. ಯುಎಸ್‌ಬಿ-ಸೀರಿಯಲ್ ಬಸ್ ಕೆಳಗೆ, ಡ್ರೈವರ್ ಹೆಸರಿನ ಡೈರೆಕ್ಟರಿಯಲ್ಲಿ. ಮಾಡ್ಯೂಲ್ ಲೋಡ್ ಆಗದೆ ಆ ಡೈರೆಕ್ಟರಿಯೇ ಇರುವುದಿಲ್ಲ, ಅದನ್ನು ಮರೆತು ಒಂದು ಸಂಜೆ ಹೋಯಿತು. ವೆಂಡರ್, ಪ್ರಾಡಕ್ಟ್ ಎರಡೂ ನಂಬರ್ ಆ ಫೈಲಿಗೆ ಎಕೋ ಮಾಡಿದ (ಬರೆದ) ಮರುಕ್ಷಣ ಪೋರ್ಟ್ ಎದ್ದಿತು. ತಕ್ಕಡಿ ಮೇಲೆ ಕೀಗೊಂಚಲು ಇಟ್ಟೆ. ತೆರೆಯ ಮೇಲೆ ಬರೀ ಕಸ! ತಕ್ಕಡಿ ಡೇಟಾ ಕಳಿಸುವ ವೇಗ-ರೀತಿ ಬಾಡ್ ರೇಟ್ 2400, 7 ಬಿಟ್, ಈವನ್ ಪ್ಯಾರಿಟಿ ಅಂತ ಗೊತ್ತಾಗಲು ಇನ್ನೂ ಒಂದು ಗಂಟೆ ಬೇಕಾಯಿತು. ಆಮೇಲೆ 84 ಗ್ರಾಂ ಎಂದು ಬಂತು. ಕೀ ತೆಗೆದೆ, 0. ಇಟ್ಟೆ, 84. ಹತ್ತು ಸಲ ಮಾಡಿರಬಹುದು.

ರೀಬೂಟ್ ಆದರೆ ಎಕೋ ಮಾಡಿದ ನಂಬರ್ ಮಾಯ. ಅದಕ್ಕೆ ಯೂಡೆವ್ ರೂಲ್, ಅಂದರೆ ಸಾಧನ ಸಿಕ್ಕಿಸಿದಾಗ ಏನು ಮಾಡಬೇಕೆಂದು ಹೇಳುವ ಸಾಲು. ಇಲ್ಲಿ ಎರಡು ಸಲ ಬಿದ್ದೆ. ರನ್ ಅನ್ನುವಲ್ಲಿ ನೇರವಾಗಿ ಎಕೋ ಬರೆದರೆ ಬಾಣದ ಗುರುತು (>, ಫೈಲಿಗೆ ಬರೆ ಎನ್ನುವುದು) ಕೆಲಸ ಮಾಡಲ್ಲ, ಏಕೆಂದರೆ ಅಲ್ಲಿ ಶೆಲ್ (ಆದೇಶ ಓದಿ ನಡೆಸುವ ಪ್ರೋಗ್ರಾಮ್) ಇರುವುದಿಲ್ಲ. ಶೆಲ್ಲನ್ನು ನೀವೇ ಕರೆಯಬೇಕು. ಇನ್ನೊಂದು, ಈ ನಂಬರ್‌ಗಳು ಹದಿನಾರರ ಪದ್ಧತಿಯವು, A ಯಿಂದ F ವರೆಗಿನ ಅಕ್ಷರವೂ ಬರಬಹುದು; ನನ್ನ ತಕ್ಕಡಿಯ ನಂಬರಿನಲ್ಲಿ ಒಂದು ಅಕ್ಷರವೂ ಇತ್ತು. ಮೋಡ್‌ಅಲಿಯಾಸ್ (ಸಾಧನದ ಗುರುತು ಹೇಳುವ) ಸಾಲಿನಲ್ಲಿ ಅದು ದೊಡ್ಡಕ್ಷರ, ಯೂಡೆವ್ ನೋಡುವ ಫೈಲಿನಲ್ಲಿ ಸಣ್ಣಕ್ಷರ. ಅಲ್ಲಿಂದ ಕಾಪಿ ಮಾಡಿ ಇಲ್ಲಿ ಅಂಟಿಸಿದ್ದೆ. ರೂಲ್ ಓಡಲೇ ಇಲ್ಲ, ತಪ್ಪು ಅಂತಲೂ ಹೇಳಲಿಲ್ಲ.

ನಾಲ್ಕಕ್ಕೂ ಸೀರಿಯಲ್ ನಂಬರ್ ಒಂದೇ. ಯಾವ ತಕ್ಕಡಿ ಯಾವುದು ಎಂದು ಗುರುತಿಸಲು ಒಂದು ದಾರಿ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದೇ ಗುಂಗಿನಲ್ಲಿ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದೆ, ಎಲ್ಲಾ ಡ್ರೈವರ್ ತಾನಾಗಿ ಬರುತ್ತಲ್ಲ ಅಂತ. ಬೂಟ್ ಅರ್ಧಕ್ಕೇ ನಿಂತು ಬಿಝಿಬಾಕ್ಸ್ ಎಂಬ ತುರ್ತು ಆದೇಶ ತೆರೆ ಬಂತು. ಜಾಗ ಉಳಿಸಲು, ಬೂಟ್ ಶುರುವಿನಲ್ಲಿ ಬೇಕಾದ ಡ್ರೈವರ್‌ಗಳ ಗಂಟಾದ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಆ ಯಂತ್ರಕ್ಕೆ ಬೇಕಾದ ಮಾಡ್ಯೂಲ್ ಮಾತ್ರ ಇರಲಿ ಎಂದು ಹಿಂದೆ ನಾನೇ ಬದಲಿಸಿದ್ದೆ. ಹೊಸ ಯಂತ್ರದ ಡಿಸ್ಕ್ ಕಂಟ್ರೋಲರ್ ಡ್ರೈವರ್ ಇದ್ದದ್ದು ಅದೇ ಡಿಸ್ಕಿನಲ್ಲಿ. ಬೀಗದ ಕೈ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ ಹಾಗೆ, ಅಲ್ವಾ? ಡಿಸ್ಕನ್ನು ಹಳೆ ಯಂತ್ರಕ್ಕೆ ವಾಪಸ್ ಹಾಕಿ, ಹೆಚ್ಚಿನ ಮಾಡ್ಯೂಲ್‌ಗಳೆಲ್ಲ ಸೇರಲಿ ಎಂದು ಆ ಆಯ್ಕೆಯನ್ನು ಮೋಸ್ಟ್ ಎಂದು ಬದಲಿಸಿ ಮತ್ತೆ ಕಟ್ಟಿದೆ. ಫೈಲ್ ಸುಮಾರು 3 ಪಟ್ಟು ಆಯಿತು, ಆದರೆ ಈಗ ಬಹುತೇಕ ಎಲ್ಲಿಗೆ ಹಾಕಿದರೂ ಏಳುತ್ತದೆ.

ಕಂಪೈಲ್ ಮಾಡು ಎಂದಿದ್ದ ಗೆಳೆಯನೂ ಇದೇ ಥರದ ತಕ್ಕಡಿಗೆ ಡ್ರೈವರ್ ತಿದ್ದಿ ಹಾಕಿಕೊಂಡಿದ್ದ. ಹೋದ ತಿಂಗಳು ಕರ್ನಲ್ ಅಪ್‌ಡೇಟ್ ಆಯಿತು. ತಿದ್ದಿದ ಡ್ರೈವರ್ ಹಳೆಯ ಕರ್ನಲ್ಲಿಗೆ ಮಾತ್ರ ಇದ್ದದ್ದರಿಂದ ಅವನದು ನಿಂತುಹೋಯಿತು. ಮೊನ್ನೆ ನನ್ನ ರೂಲ್ ಫೈಲ್ ಕೇಳಿ ತೆಗೆದುಕೊಂಡು ಹೋದ.