ದಪ್ಪ ಹುಡುಗ್ರನ್ನೆಲ್ಲ ಲೈನಿಗೆ ತಳ್ಬೇಡ್ರಿ: ಅಮೆರಿಕನ್ ಫುಟ್‌ಬಾಲ್‌ನ ಆ ಐದು ಜಾಗಕ್ಕೆ ಯಾರನ್ನ ಆರಿಸ್ಬೇಕು

ದಾವಣಗೆರೆ ಕಡೆ ಕಾಲೇಜ್ ಹುಡುಗ್ರು ಯಾರಾದ್ರೂ ಅಮೆರಿಕನ್ ಫುಟ್‌ಬಾಲ್ ಟೀಮ್ ಕಟ್ಟೋಣ ಅಂತ ಹೊರಟ್ರೆ ಏನ್ ಮಾಡ್ತಾರೆ ಹೇಳ್ರಿ, ಜೋರಾಗಿ ಓಡೋರು ಕ್ಯಾಚ್ ಹಿಡಿಯೋರು ಎಲ್ಲರನ್ನೂ ಮೊದ್ಲೇ ಆರಿಸ್ಕೊಂಡು, ಉಳಿದ ದಪ್ಪ ಹುಡುಗ್ರಿಗೆ "ನೀವು ಮುಂದೆ ಹೋಗಿ ನಿಂತ್ಕಳ್ರೋ" ಅಂತಾರೆ. ಆಟ ಅಲ್ಲೇ ಅರ್ಧ ಸೋತಂಗೆ.

ಒಂದು ಸೈಡಿಗೆ 11 ಜನ, ಅದ್ರಲ್ಲಿ ಐದು ಜನ ಅಫೆನ್ಸಿವ್ ಲೈನ್, ಅಂದ್ರೆ ಬಾಲ್ ಇರೋ ಟೀಮಿನ ಮುಂದಿನ ಸಾಲು. ನಡುವೆ ಸೆಂಟರ್, ಅವನ ಎಡಕ್ಕೊಬ್ಬ ಬಲಕ್ಕೊಬ್ಬ ಗಾರ್ಡ್, ಅವರ ಆಚೆ ಒಬ್ಬೊಬ್ಬ ಟ್ಯಾಕಲ್. ಪಾಸ್ ಆದ್ರೆ ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗೆ ಟೈಮ್ ಕೊಡ್ಬೇಕು, ರನ್ ಆದ್ರೆ ಬಾಲ್ ಹಿಡ್ಕೊಂಡು ಓಡೋನಿಗೆ ದಾರಿ ಬಿಡಿಸ್ಬೇಕು, ಅಷ್ಟೇ ಕೆಲ್ಸ. ಆದ್ರೆ ಮೂರು ಜಾಗಕ್ಕೂ ಬೇಕಾದ ಮೈ ಬೇರೆ, ತಲೆ ಬೇರೆ. (ಕೆಡವೋ ಬದ್ಲು ಸೊಂಟದ ಪಟ್ಟಿ ಕೀಳೋ ಫ್ಲ್ಯಾಗ್ ಫುಟ್‌ಬಾಲ್ ಆಡೋರು ಇದನ್ನ ಓದೋ ಅವಶ್ಯಕತೆ ಇಲ್ಲ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರ್ತಿರೋದು ಅದೇ, ಐದೈದು ಜನದ ಆಟ, ಅಲ್ಲಿ ಬ್ಲಾಕ್ ಮಾಡೋ, ಅಂದ್ರೆ ಎದುರಿನವರನ್ನ ಮೈಯಿಂದ ತಡೆಯೋ ಹಾಗೇ ಇಲ್ಲ.)

ಮೊದ್ಲು ಸೆಂಟರ್ ಹುಡುಕ್ರಿ. ಐದು ಜನದಲ್ಲಿ ತಲೆ ಚುರುಕಾಗಿರೋನು ಇವನೇ ಆಗ್ಬೇಕು, ಯಾಕಂದ್ರೆ ಎದುರಿನವರು ಹೆಂಗೆ ನಿಂತಿದಾರೆ, ಯಾರು ನುಗ್ಗೋ ಹಂಗೆ ಕಾಣ್ತಾನೆ, ಯಾರು ಯಾರನ್ನ ಹಿಡೀಬೇಕು ಅಂತ ಕೂಗಿ ಹೇಳೋದು ಸಾಮಾನ್ಯವಾಗಿ ಇವನೇ. ಅದೆಲ್ಲ ಆಗ್ತಿದ್ದಂಗೆ ಕಾಲ ಸಂದಿಂದ ಬಾಲ್ ಹಿಂದಕ್ಕೆ ಕೊಡ್ಬೇಕು, ಕೊಟ್ಟ ಕ್ಷಣಾನೇ ಎದುರಿಗಿರೋ ದಾಂಡಿಗನ್ನ ತಡೀಬೇಕು, ಬಾಲ್ ಕೊಡೋ ಕೈ ಅಷ್ಟೊತ್ತಿಗೆ ಇನ್ನೂ ಕಾಲ ಸಂದೀಲೇ ಇರ್ತತೆ. ಪರೀಕ್ಷೆ ಮಾಡೋದು ಸುಲಭ. ಕ್ವಾರ್ಟರ್‌ಬ್ಯಾಕ್‌ನ ಐದು ಗಜ ಹಿಂದೆ ನಿಲ್ಲಿಸಿ, ಬಾಲ್ ಅವನ ಹೊಟ್ಟೆ ಎದೆ ನಡುವೆ ಬರೋ ಹಂಗೆ ಎಸೆಯಕ್ಕೆ ಸೆಂಟರ್ ಹುಡುಗನಿಗೆ ಹೇಳ್ರಿ, ತಲೆ ಎತ್ತಿ ಎದುರಿಗೇ ನೋಡ್ತಿರ್ಬೇಕು. ಅದು ಸರಿ ಬಂದ್ಮೇಲೆ ಎದುರಿಗೊಬ್ಬನ್ನ ನಿಲ್ಲಿಸಿ ಭುಜ ತಳ್ಳಿಸ್ರಿ. ಆಗ್ಲೂ ಬಾಲ್ ಅದೇ ಜಾಗಕ್ಕೆ ಹೋದ್ರೆ ಅವನೇ ನಿಮ್ಮ ಸೆಂಟರ್. ಬಾಲ್ ತಲೆ ಮೇಲೆ ಹಾರಿ ಹೋದ್ರೆ ಉಳಿದ ನಾಲ್ಕು ಜನ ಎಷ್ಟು ಚೆನ್ನಾಗಿ ತಡೆದ್ರೂ ಏನೂ ಉಪಯೋಗ ಇಲ್ಲ. ತೂಕ ಸ್ವಲ್ಪ ಕಮ್ಮಿ ಇದ್ರೂ ನಡೀತತೆ. ಜೇಸನ್ ಕೆಲ್ಸಿ ಅಂತ ಫಿಲಡೆಲ್ಫಿಯಾ ಈಗಲ್ಸ್ ಸೆಂಟರ್ ಇದ್ನಲ್ಲ, ಈ ಕೆಲ್ಸಕ್ಕೆ ಚಿಕ್ಕೋನು ಅನ್ನಿಸ್ಕೊಂಡು 2011ರ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸಬರನ್ನ ಆರಿಸೋದು) ಆರನೇ ರೌಂಡಿಗೆ ಬಂದ, 2024ರಲ್ಲಿ ರಿಟೈರ್ ಆಗೋವರ್ಗೂ ಅದೇ ಟೀಮಲ್ಲೇ ಆಡಿದ.

ಗಾರ್ಡ್‌ಗೆ ಗರಡಿ ಹುಡುಗ್ರನ್ನ ನೋಡ್ರಿ. ಈ ವಿಷಯದಲ್ಲಿ ನಮ್ಮೂರು ಅದೃಷ್ಟದ್ದು, ದುರ್ಗಾಂಬಿಕಾ ಜಾತ್ರೆ ಕುಸ್ತಿ ನೋಡ್ಕೊಂಡೇ ಬೆಳೆದೋರು ಓಣಿಗೊಬ್ರು ಸಿಗ್ತಾರೆ. ಗಾರ್ಡ್ ಎದುರಿಗಿರೋನು ಕೈಯಳತೆ ದೂರದಲ್ಲೇ ಇರ್ತಾನೆ, ಯೋಚ್ನೆ ಮಾಡೋಕೆ ಟೈಮೇ ಇಲ್ಲ, ಯಾರ ಸೊಂಟ ಕೆಳಗಿರ್ತತೋ ಅವನದ್ದೇ ಮೇಲುಗೈ. ಅದಕ್ಕೇ ಎತ್ತರ ಕಮ್ಮಿ ಇದ್ರೂ ಪರವಾಗಿಲ್ಲ. ಸ್ಟೀಫನ್ ನೀಲ್ ಅನ್ನೋನು 1999ರಲ್ಲಿ ಫ್ರೀಸ್ಟೈಲ್ ಕುಸ್ತಿ ವರ್ಲ್ಡ್ ಚಾಂಪಿಯನ್, ಕಾಲೇಜಲ್ಲಿ ಫುಟ್‌ಬಾಲ್ ಆಡೇ ಇರ್ಲಿಲ್ಲ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಗಾರ್ಡ್ ಆಗಿ ಅಲ್ಲಿನ ಫೈನಲ್ ಸೂಪರ್ ಬೌಲ್ ಗೆದ್ದ. ಒಂದೇ ತೊಂದ್ರೆ, ಕುಸ್ತಿ ಹುಡುಗ್ರಿಗೂ ಕಬಡ್ಡಿ ಹುಡುಗ್ರಿಗೂ ಕೈ ತಾನಾಗೇ ಎದುರಾಳಿ ಸೊಂಟ ಸುತ್ತಕ್ಕೆ ಹೋಗ್ತತೆ, ಇಲ್ಲಿ ಹಂಗೆ ತಬ್ಬಿ ಹಿಡಿದ್ರೆ ಹೋಲ್ಡಿಂಗ್, 10 ಗಜ ಪೆನಾಲ್ಟಿ. ಎರಡೂ ಅಂಗೈ ಎದುರಿನವನ ಎದೆ ಮೇಲೆ, ಮೊಣಕೈ ಒಳಗಡೆ, ಇದನ್ನ ಮಾತ್ರ ಬೇಜಾರಾಗೋವಷ್ಟು ಸಲ ಮಾಡಿಸ್ರಿ.

ಗಾರ್ಡ್‌ಗೆ ಪುಲ್ ಅಂತ ಇನ್ನೊಂದು ಕೆಲ್ಸ ಐತೆ. ಬಾಲ್ ಹೋದ ತಕ್ಷಣ ತನ್ನ ಜಾಗ ಬಿಟ್ಟು ಲೈನ್ ಹಿಂದಿಂದ ಆ ಕಡೆಗೆ ಓಡಿ ದಾರಿ ಬಿಡಿಸೋದು, ಹಂಗಾಗಿ ಬರೀ ಭಾರ ಇದ್ರೆ ಸಾಲಲ್ಲ, ಗಿರಕ್ಕನೆ ತಿರುಗೋಕೂ ಬರ್ಬೇಕು. ನೆಲಕ್ಕೆ ಕೈ ಊರಿ ನಿಂತಾಗ ಅವನ ಬೆರಳ ತುದಿ ನೋಡ್ರಿ. ರನ್ ಆಟಕ್ಕೆ ಮುಂದಕ್ಕೆ ವಾಲಿ ಒತ್ತಿದ್ರೆ ಬೆರಳು ಬೆಳ್ಳಗಾಗಿರ್ತವೆ, ಪುಲ್ ಮಾಡೋಕೋ ಪಾಸ್‌ಗೋ ತಯಾರಾಗಿ ಹಗುರಾಗಿಟ್ಟಿದ್ರೆ ಹಂಗಿರಲ್ಲ, ಎದುರಿನವರಲ್ಲಿ ಕಣ್ಣು ಚುರುಕಿರೋನು ಇದನ್ನೇ ನೋಡಿ ಮುಂದೇನು ಅಂತ ಊಹೆ ಮಾಡ್ಬಿಡ್ತಾನೆ. ಯಾವ ಆಟ ಆದ್ರೂ ಒಂದೇ ಥರ ಕೈ ಊರೋದು ರೂಢಿ ಮಾಡಿಸ್ರಿ.

ಟ್ಯಾಕಲ್ ಬೇರೇನೇ ಜಾತಿ. ಇಲ್ಲಿ ಎತ್ತರ ಬೇಕು, ಉದ್ದ ತೋಳು ಬೇಕು, ಎಲ್ಲಕ್ಕಿಂತ ಕಾಲು ಬೇಕು, ಯಾಕಂದ್ರೆ ಹೊರಗಿಂದ ಸುತ್ತು ಹಾಕಿ ಬರೋ ಡಿಫೆನ್ಸ್‌ನವನು ಓಟಗಾರ. ಅಮೆರಿಕದಲ್ಲಿ ತೋಳು 34 ಇಂಚು ಇರ್ಲಿ ಅಂತ ನೋಡ್ತಾರೆ, ಕಮ್ಮಿ ಇದ್ರೆ ಗಾರ್ಡ್‌ಗೆ ಹಾಕೋ ಮಾತು ಬರ್ತತೆ. ನಿಮಗೆ ಅಷ್ಟೆಲ್ಲ ಬೇಡ, ವಾಲಿಬಾಲ್ ನೆಟ್ ಹತ್ರ ಬ್ಲಾಕ್‌ಗೆ ನಿಲ್ಲೋ ಹುಡುಗ್ರಲ್ಲಿ ಗಟ್ಟಿಮುಟ್ಟಾಗಿರೋರನ್ನ ಕರೀರಿ. ಅವರು ಕಲೀಬೇಕಾಗಿದ್ದು ಕಿಕ್ ಸ್ಲೈಡ್, ಹೊರಗಿನ ಕಾಲು ಹಿಂದಕ್ಕೆ ಇಟ್ಟು ಒಳಗಿನ ಕಾಲು ಎಳ್ಕೊಂಡು, ಮೊಣಕಾಲು ಬಗ್ಗಿಸಿ ಸೊಂಟ ಕೆಳಗಿಟ್ಕೊಂಡೇ ಹಿಂದೆ ಸರಿಯೋದು. ಹೈಸ್ಕೂಲ್ ಫೀಲ್ಡ್ ಥರ ಮಣ್ಣಿನ ನೆಲದಲ್ಲಿ ಮಾಡಿಸ್ರಿ, ಆಮೇಲೆ ಧೂಳಲ್ಲಿ ಗುರುತು ನೋಡ್ರಿ. ಒಳಗಿನ ಕಾಲಿಂದು ಉದ್ದ ಗೆರೆ ಬಿದ್ದಿದ್ರೆ ಸರಿ, ಹೆಜ್ಜೆ ಒಂದರ ಮೇಲೊಂದು ದಾಟಿದ್ರೆ ಅವನನ್ನ ಒಂದು ತಳ್ಳಿಗೇ ಬೀಳಿಸ್ಬೋದು. ಮುಂದಕ್ಕೆ ಹಾರೋ ಚಪಲ ಇರೋನು ಟ್ಯಾಕಲ್ ಆಗಲ್ಲ, ಕಬಡ್ಡಿ ಕಾರ್ನರ್ ಥರ ಬರೋನನ್ನ ಬರಗೊಟ್ಟು ಹಿಡಿಯೋ ತಾಳ್ಮೆ ಬೇಕು.

ಎಡ ಟ್ಯಾಕಲ್‌ಗೆ ಇಬ್ಬರಲ್ಲಿ ಒಳ್ಳೆಯವನನ್ನ ಹಾಕ್ರಿ. ಬಲಗೈಲಿ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆಯಿಂದ ಬರೋನು ಕಾಣಲ್ಲ. 1985ರ ನವೆಂಬರ್ 18ಕ್ಕೆ ಡಿಫೆನ್ಸ್‌ನ ಲಾರೆನ್ಸ್ ಟೇಲರ್ ಕೆಡವಿದ್ದಕ್ಕೆ ಕ್ವಾರ್ಟರ್‌ಬ್ಯಾಕ್ ಜೋ ತೀಸ್‌ಮನ್ ಕಾಲೇ ಮುರಿದು ಅವನ ಆಟ ಅಲ್ಲಿಗೇ ಮುಗೀತು, ಎಡ ಟ್ಯಾಕಲ್ ಮಾತು ಬಂದ್ರೆ ಜನ ಇವತ್ತಿಗೂ ಅದನ್ನೇ ನೆನೆಸ್ಕೋತಾರೆ. ನಿಮ್ಮ ಕ್ವಾರ್ಟರ್‌ಬ್ಯಾಕ್ ಎಡಚ ಆದ್ರೆ ಬಲಗಡೆ ಹಾಕ್ರಿ. ಆಡಿ ಅಭ್ಯಾಸ ಇಲ್ಲ ಅಂತ ಹಿಂಜರಿಯೋ ಹುಡುಗ್ರಿಗೆ ಜೋರ್ಡನ್ ಮೈಲಾಟಾ ಕತೆ ಹೇಳ್ರಿ, ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡ್ಕೊಂಡಿದ್ದೋನು, ಈ ಆಟದ ಒಂದು ಮ್ಯಾಚೂ ಆಡ್ದೇ 2018ರಲ್ಲಿ ಏಳನೇ ರೌಂಡಿಗೆ ಈಗಲ್ಸ್‌ಗೆ ಬಂದು ಎಡ ಟ್ಯಾಕಲ್ ಆದ.

ಹೆಲ್ಮೆಟ್, ಶೋಲ್ಡರ್ ಪ್ಯಾಡ್ ಇಲ್ದೆ ಪೂರ್ತಿ ಜೋರಲ್ಲಿ ಡಿಕ್ಕಿ ಹೊಡೆಸ್ಲೇಬೇಡ್ರಿ, ಅರ್ಧ ಸ್ಪೀಡಲ್ಲಿ ಅಂಗೈ ಎದೆಗಿಟ್ಟು ಕಾಲಾಟ ಮಾತ್ರ ಮಾಡಿಸ್ರಿ, ಮೊಣಕಾಲ ಹತ್ರ ಯಾರೂ ಬೀಳಬಾರ್ದು. ಐದೂ ಜನನ್ನ ಒಟ್ಟಿಗೇ ನಿಲ್ಲಿಸಿ, ಒಬ್ಬ ಮೊದ್ಲೇ ಅಲುಗಿದ್ರೂ ಫಾಲ್ಸ್ ಸ್ಟಾರ್ಟ್, 5 ಗಜ ಹೋಯ್ತು. ಆಮೇಲೆ ಆರನೇ ಹುಡುಗ ಒಬ್ಬನ್ನ ರೆಡಿ ಇಟ್ಕೊಳ್ರಿ, ಗಾರ್ಡ್ ಆಡೋಕೂ ಬರ್ಬೇಕು ಬಾಲ್ ಹಿಂದಕ್ಕೆ ಕೊಡೋಕೂ ಬರ್ಬೇಕು, ಸೆಂಟರ್‌ಗೆ ಕಾಲು ಉಳುಕಿದ ದಿನ ಬೇರೆ ಯಾರನ್ನ ತಂದು ನಿಲ್ಲಿಸಿದ್ರೂ ಬಾಲ್ ಕ್ವಾರ್ಟರ್‌ಬ್ಯಾಕ್ ಕೈಗೇ ಬರಲ್ಲ.