ಹದಿಹರೆಯದ ಪ್ರೀತಿಯ ಆನಿಮೇಷನ್ ಚಿತ್ರವನ್ನು ಮನೆಮಂದಿಗೆ ತೋರಿಸುವ ಮುನ್ನ

ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ದಿನ ಉಡುಪಿ, ಮಂಗಳೂರಿನ ಮನೆಗಳಲ್ಲಿ ಮಕ್ಕಳನ್ನು ಹಿಡಿದು ಕೂರಿಸುವ ಕೆಲಸ ಟಿವಿಯ ಪಾಲಿಗೆ ಬರುತ್ತದೆ. ಆನಿಮೇಷನ್ ಚಿತ್ರವೊಂದು ಕಣ್ಣಿಗೆ ಬಿದ್ದರೆ "ಕಾರ್ಟೂನ್ ತಾನೆ, ನೋಡಲಿ" ಎಂದು ಹಿರಿಯರು ಅಡುಗೆಮನೆಗೆ ಹೋಗುವುದುಂಟು. ಅದರ ಸಾರಾಂಶದಲ್ಲಿ ಪ್ರೀತಿ ಎಂಬ ಶಬ್ದ ಕಂಡರೆ "ಅದು ಬೇಡ, ಬೇರೆ ಹಾಕು" ಎನ್ನುವುದೂ ಉಂಟು. ಚಿತ್ರವನ್ನು ನೋಡದೆಯೇ ಮಾಡುವ ಈ ಎರಡೂ ತೀರ್ಮಾನಗಳನ್ನು ನಾನೂ ಮಾಡಿದ್ದೇನೆ. ಆದುದರಿಂದ ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು, ಇಂಥವುಗಳನ್ನು ಮನೆಯಲ್ಲಿ ತೋರಿಸುವ ಮೊದಲು ಏನೇನು ನೋಡಿಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರದ ಹೆಸರು 'ವಿಸ್ಪರ್ ಆಫ್ ದಿ ಹಾರ್ಟ್'. ಜಪಾನಿನ ಸ್ಟುಡಿಯೊ ಘಿಬ್ಲಿ 1995ರಲ್ಲಿ ಹೊರತಂದದ್ದು. ಅವಧಿ 111 ನಿಮಿಷ. ಚಿತ್ರಕಥೆ ಹಯಾವೊ ಮಿಯಾಜಾಕಿ ಅವರದು, ನಿರ್ದೇಶನ ಯೋಶಿಫುಮಿ ಕೊಂಡೊ ಅವರದು. ಕೊಂಡೊ 1998ರಲ್ಲಿ ತೀರಿಕೊಂಡದ್ದರಿಂದ ಅವರು ನಿರ್ದೇಶಿಸಿದ ಪೂರ್ಣಾವಧಿಯ ಚಿತ್ರ ಇದೊಂದೇ. ಟೋಕಿಯೊದ ಹೊರವಲಯದಲ್ಲಿರುವ ಹದಿನಾಲ್ಕರ ಹುಡುಗಿ ಶಿಜುಕು ತಾನು ತರುವ ಗ್ರಂಥಾಲಯದ ಪುಸ್ತಕಗಳ ಕಾರ್ಡುಗಳಲ್ಲೆಲ್ಲ ಒಬ್ಬನೇ ಹುಡುಗನ ಹೆಸರು ತನಗಿಂತ ಮೊದಲೇ ಬರೆದಿರುವುದನ್ನು ಕಂಡು, ಅವನು ಯಾರಿರಬಹುದೆಂದು ಹುಡುಕಲು ತೊಡಗುವುದೇ ಕಥೆಯ ಆರಂಭ.

ಮೊದಲು ಪ್ರಮಾಣಪತ್ರದ ವಿಚಾರ. ಚಿತ್ರಮಂದಿರದ ಚಿತ್ರಗಳಿಗೆ ಹಿಂದೆ ಇದ್ದ ಒಂದೇ 'ಯುಎ' ದರ್ಜೆಯನ್ನು 2024ರ ನಿಯಮಗಳು 7, 13 ಮತ್ತು 16 ವರ್ಷಕ್ಕೆ ಮೇಲ್ಪಟ್ಟವರು ಎಂದು ಮೂರಾಗಿ ಒಡೆದಿವೆ. ಮೊಬೈಲ್, ಟಿವಿಗಳಲ್ಲಿ ಬರುವ ಒಟಿಟಿ ವೇದಿಕೆಗಳು 2021ರ ನಿಯಮಗಳಂತೆ ತಮ್ಮ ಚಿತ್ರಗಳಿಗೆ ತಾವೇ ಇಂಥ ದರ್ಜೆ ಕೊಡಬೇಕು. 13 ಮತ್ತು ಅದಕ್ಕೂ ಮೇಲಿನ ದರ್ಜೆಯವುಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನೂ ಒದಗಿಸಬೇಕು. ಬೀಗ ಹಾಕಿಡಿ, ಅದು ಒಳ್ಳೆಯದೇ. ಆದರೆ ಬೆತ್ತಲೆ, ಬಯ್ಗುಳ, ರಕ್ತ ಇವುಗಳನ್ನು ಎಣಿಸಿ ಕೊಟ್ಟ ಅಂಕಿಯಿಂದ ನಿಮ್ಮ ಮನೆಯಲ್ಲಿ ಯಾವ ದೃಶ್ಯಕ್ಕೆ ಇರಿಸುಮುರಿಸಾಗುತ್ತದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ಪೂರ್ತಿ ಚಿತ್ರವನ್ನು ನೀವೇ ನೋಡಬೇಕು. ಹದಿನೈದು ನಿಮಿಷ ನೋಡಿ ಓಡಿಸಿಬಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಇಂಥ ಚಿತ್ರಗಳಲ್ಲಿ ಚರ್ಚೆಗೆ ಬರುವ ಭಾಗವೆಲ್ಲ ಕೊನೆಯ ಅರ್ಧ ಗಂಟೆಯಲ್ಲಿ ಇರುತ್ತದೆ.

ಪ್ರೀತಿಯ ಬಗ್ಗೆ ಹೇಳುವುದಾದರೆ, ಹೆದರುವಂಥದ್ದು ಇದರಲ್ಲಿ ಏನೂ ಇಲ್ಲ. ಚುಂಬನವಿಲ್ಲ. ಹುಡುಗ ಪಿಟೀಲು ನುಡಿಸುತ್ತಾನೆ, ಹುಡುಗಿ ಸಂಕೋಚದಿಂದ ಹಾಡುತ್ತಾಳೆ, ಕೊನೆಯಲ್ಲಿ ಒಂದು ಅಪ್ಪುಗೆ ಇದೆ. ಬಯಲಾಟದಲ್ಲಿ ಶೃಂಗಾರದ ಪದ್ಯಗಳನ್ನೂ, ಉಗ್ರನರಸಿಂಹ ಕರುಳು ಬಗೆಯುವುದನ್ನೂ ಅಜ್ಜಿಯ ಮಡಿಲಲ್ಲಿ ಕುಳಿತು ನೋಡಿದ ನಮ್ಮ ಊರಿನ ಮಕ್ಕಳಿಗೆ ಇದು ಹೆಚ್ಚಾಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಕಡೆಯ ಹೆತ್ತವರಿಗೆ ನಿಜವಾಗಿ ಕಸಿವಿಸಿಯಾಗುವುದು ಅಂಕಗಳ ವಿಷಯದಲ್ಲಿ. ಶಿಜುಕುವಿಗೆ ಅದು ಪ್ರವೇಶ ಪರೀಕ್ಷೆಯ ವರ್ಷ; ನಮ್ಮ ಲೆಕ್ಕದಲ್ಲಿ ಹತ್ತನೇ ತರಗತಿ ಎಂದೇ ಇಟ್ಟುಕೊಳ್ಳಬಹುದು. ಹುಡುಗ ಪಿಟೀಲು ತಯಾರಿಕೆ ಕಲಿಯಲು ಇಟಲಿಯ ಕ್ರೆಮೋನಾಕ್ಕೆ ಹೊರಟಾಗ, ತನ್ನಲ್ಲಿ ಏನಿದೆ ಎಂದು ಪರೀಕ್ಷಿಸಿಕೊಳ್ಳಲು ಇವಳು ಪಾಠಪುಸ್ತಕ ಬದಿಗಿಟ್ಟು ಕಥೆ ಬರೆಯಲು ಕೂರುತ್ತಾಳೆ. ಅಂಕ ತೀರ ಇಳಿಯುತ್ತದೆ, ಅಕ್ಕ ರೇಗುತ್ತಾಳೆ. ಅಪ್ಪ ಅಮ್ಮ ಮೇಜಿನ ಎದುರು ಕೂರಿಸಿ ಕೇಳುತ್ತಾರೆ, ಕೊನೆಗೆ ಅವಳ ಇಷ್ಟಕ್ಕೆ ಬಿಡುತ್ತಾರೆ. ಎಲ್ಲರ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವುದು ಸುಲಭವಲ್ಲ, ಆಮೇಲೆ ಏನೇ ಆದರೂ ಇನ್ನೊಬ್ಬರನ್ನು ದೂರುವಂತಿಲ್ಲ ಎಂಬುದಷ್ಟೇ ಅಪ್ಪನ ಷರತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಈ ಎರಡು ಜಿಲ್ಲೆಗಳಲ್ಲಿ, ಈ ದೃಶ್ಯ ನಡೆಯುವಾಗ ಕೋಣೆಯಲ್ಲಿರುವ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಳ್ಳದೆ ಇರಲಾರರು. ನಮ್ಮ ಮನೆಯಲ್ಲಿ ಆ ಗಂಟಲು ನನ್ನದೇ ಆಗಿತ್ತು. ಎಂಟನೇ ತರಗತಿಯ ಮಗಳು ತಿರುಗಿ ನನ್ನ ಮುಖ ನೋಡಿದಳು, ಚಿತ್ರವನ್ನು ನೋಡಲಿಲ್ಲ.

ಆದ್ದರಿಂದ ಆ ದೃಶ್ಯದಲ್ಲಿ ಟೀಕೆ ಬೇಡ, ರಿಮೋಟ್ ಹಿಡಿದು ನಿಲ್ಲಿಸುವುದೂ ಬೇಡ. ಕಥೆ ಬರೆದು ಮುಗಿದ ಮೇಲೆ ಅದು ಇನ್ನೂ ಹಸಿಯಾಗಿದೆ, ಕಲಿಯುವುದು ಬಹಳ ಇದೆ ಎಂದು ಹುಡುಗಿಗೇ ಅರಿವಾಗಿ, ಅವಳೇ ಮತ್ತೆ ಪರೀಕ್ಷೆಯ ಓದಿಗೆ ಮರಳುತ್ತಾಳೆ. ಅರ್ಧದಲ್ಲಿ ನಿಲ್ಲಿಸಿದರೆ ಮಗುವಿನ ತಲೆಯಲ್ಲಿ ಉಳಿಯುವುದು ಓದು ಬಿಟ್ಟದ್ದು ಮಾತ್ರ. ಮಗುವಿಗೆ ಮರುದಿನವೇ ಪರೀಕ್ಷೆ ಇದ್ದರೆ ಚಿತ್ರವನ್ನು ರಜೆಗೆ ಮುಂದೂಡುವುದು ಕ್ಷೇಮ.

ಎರಡನೆಯ ಕಷ್ಟದ ಜಾಗ ಕೊನೆಯದು. ಬೆಳಕು ಹರಿಯುವ ಮೊದಲು ಹುಡುಗ ಸೈಕಲಿನಲ್ಲಿ ಬಂದು ಮನೆಯ ಕೆಳಗೆ ನಿಲ್ಲುತ್ತಾನೆ. ಹುಡುಗಿ ಮನೆಯವರನ್ನು ಎಬ್ಬಿಸದೆ ಇಳಿದು ಹೋಗುತ್ತಾಳೆ. ಏರು ರಸ್ತೆಯಲ್ಲಿ ಅವನು ತುಳಿಯಲಾರದೆ ಏದುಸಿರು ಬಿಡುವಾಗ ಕೆಳಗಿಳಿದು ಹಿಂದಿನಿಂದ ಸೈಕಲನ್ನು ತಳ್ಳುತ್ತಾಳೆ, ಬರೇ ಹೊರೆಯಾಗಿರುವುದು ತನಗೆ ಬೇಡ ಎನ್ನುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದು. ಆಮೇಲೆ ಸೂರ್ಯೋದಯದ ಎದುರು ಹುಡುಗ, ಮುಂದೆ ಮದುವೆಯಾಗೋಣವೇ ಎಂದು ಕೇಳುತ್ತಾನೆ, ಅವಳು ಒಪ್ಪುತ್ತಾಳೆ. ಹಲಸಿನ ಹಪ್ಪಳ ಮುರಿಯುತ್ತಿದ್ದ ನನ್ನ ಅಮ್ಮ ಅಲ್ಲಿಯವರೆಗೆ ಸುಮ್ಮನಿದ್ದವರು "ಇವಳಿಗೆ ಪ್ರಾಯ ಎಷ್ಟು ಅಂದಿ?" ಎಂದು ಕೇಳಿದರು. ಹದಿನಾಲ್ಕು ಎಂದೆ. "ಹದಿನಾಲ್ಕರಲ್ಲಿ ಮದುವೆ ಮಾತಾಡುವುದನ್ನು ನಿಲ್ಲಿಸಲಿಕ್ಕೆ ನಮಗೆ ಎಷ್ಟು ಕಾಲ ಹಿಡಿಯಿತು, ಇವರು ಪುನಃ ಶುರು ಮಾಡಿದರಲ್ಲ" ಎಂದರು. ಈ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಮಕ್ಕಳೆದುರಿಗೆ ಮುಚ್ಚುವ ಅಗತ್ಯವಿಲ್ಲ: ಅದು ಆ ವಯಸ್ಸಿನ ಉತ್ಸಾಹದ ಮಾತು, ಮದುವೆಗೆ ನಮ್ಮಲ್ಲಿ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು, ಕತ್ತಲಲ್ಲಿ ಹೇಳದೆ ಹೊರಹೋಗಬಾರದು ಎಂದು ಚಿತ್ರ ಮುಗಿದ ಮೇಲೆ ಎರಡು ವಾಕ್ಯಗಳಲ್ಲಿ ಹೇಳಿದರೆ ಸಾಕು.

ಉಳಿದವು ಸಣ್ಣವು. ಅಪ್ಪ ಮನೆಯೊಳಗೆ ಸಿಗರೇಟು ಸೇದುತ್ತಾನೆ. ಒಂದು ಕನಸಿನಲ್ಲಿ ಹೊಳೆಯುವ ಕಲ್ಲೆಂದು ಹುಡುಗಿ ಎತ್ತಿಕೊಂಡದ್ದು ಅಂಗೈಯಲ್ಲಿ ಸತ್ತ ಹಕ್ಕಿಮರಿಯಾಗಿ ಬಿಡುತ್ತದೆ. ಆರು ವರ್ಷದ ನನ್ನ ಅಕ್ಕನ ಮಗ ಅಲ್ಲಿ ಬೆಚ್ಚಿ ನನ್ನ ಸೆರಗು ಹಿಡಿದ. ಶಾಲೆಯ ಮಹಡಿಯಲ್ಲಿ ಸಹಪಾಠಿಗಳು ಕದ್ದು ಕೇಳಿ ಛೇಡಿಸುವ ದೃಶ್ಯವೂ ಇದೆ, ಮತ್ತು ಐದು ಆರನೇ ತರಗತಿಯ ಮಕ್ಕಳು ಮರುದಿನ ಶಾಲೆಯಲ್ಲಿ ಅನುಕರಿಸುವುದಿದ್ದರೆ ಅದನ್ನೇ.

ಏಳು ವರ್ಷದ ಒಳಗಿನವರಿಗೆ ಇದರಲ್ಲಿ ಕೇಡಿಲ್ಲದಿದ್ದರೂ ಬೇಸರ ಬರುತ್ತದೆ, ಬೆಕ್ಕು ರೈಲು ಹತ್ತುವ ಭಾಗ ಒಂದನ್ನು ಬಿಟ್ಟು. ಹತ್ತರಿಂದ ಹದಿನೈದರವರೆಗಿನವರಿಗೆ ಹೇಳಿ ಮಾಡಿಸಿದಂತಿದೆ. ಅಜ್ಜಿಗೆ ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಅರ್ಥೈಸಲು ಆಗದಿದ್ದರೆ ಮನೆಯ ಒಬ್ಬರು ಪಕ್ಕದಲ್ಲಿ ಕುಳಿತು ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳುತ್ತಾ ಹೋಗಲಿ. ಆ ಕೆಲಸವನ್ನು ದೊಡ್ಡ ಮಗುವಿಗೇ ಒಪ್ಪಿಸಿದರೆ ಅದು ಯಾವ ಮಾತನ್ನು ನುಂಗಿ ಮುಂದೆ ಹೋಗುತ್ತದೆ ಎಂಬುದು ನಿಮಗೆ ತಿಳಿಯುತ್ತದೆ. ಗ್ರಂಥಾಲಯದ ಕಾರ್ಡನ್ನು ಮಾತ್ರ ಮೊದಲೇ ವಿವರಿಸಬೇಕು. ಈಗಿನ ಮಕ್ಕಳಿಗೆ ಬಾರ್‌ಕೋಡ್ ಗೊತ್ತು. ಪುಸ್ತಕ ಒಯ್ದವರ ಹೆಸರನ್ನು ಒಂದರ ಕೆಳಗೊಂದು ಬರೆದಿಡುವ ಕ್ರಮ ಗೊತ್ತಿಲ್ಲ, ಅದು ಗೊತ್ತಿಲ್ಲದಿದ್ದರೆ ಕಥೆಯ ಬುಡವೇ ಅರ್ಥವಾಗುವುದಿಲ್ಲ. ಗಾಳಿಮಳೆಯ ದಿನ ಕರೆಂಟ್ ಯಾವ ಹೊತ್ತಿಗೂ ಹೋಗಬಹುದಾದ್ದರಿಂದ, ಚಿತ್ರವನ್ನು ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಟ್ಟುಕೊಳ್ಳಿ.