ಕಡ್ಡಿಯಿಂದ ಪುದೀನ ಬೆಳೆಸುವುದು ಹೇಗೆ?

ಪುದೀನಕ್ಕೆ ಬೀಜ ಹುಡುಕುತ್ತಾ ಕೂರಬೇಡಿ. ಬೀಜದ ಗಿಡಕ್ಕೆ ತಾಯಿಗಿಡದ ಘಮವೇ ಬರುತ್ತದೆ ಅನ್ನುವ ಖಾತ್ರಿಯಿಲ್ಲ, ಕಡ್ಡಿ ನೆಟ್ಟರೆ ಅದೇ ಗಿಡ. ಅಡುಗೆಗೆ ತಂದ ಕಟ್ಟಿನಲ್ಲೇ ಹೂ ಬಿಡದ, ಗಟ್ಟಿಯಾದ ನಾಲ್ಕೈದು ಕಡ್ಡಿ ಆರಿಸಿ. 10 ಸೆಂಟಿಮೀಟರ್ ಉದ್ದ ಸಾಕು. ಗಿಣ್ಣಿನ, ಅಂದರೆ ಕಡ್ಡಿಯಲ್ಲಿ ಎಲೆ ಹುಟ್ಟುವ ಗಂಟಿನ, ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ನೀರಿನ ಲೋಟದಲ್ಲಿ ನಿಲ್ಲಿಸಿ. ಬೇರು ಚೆನ್ನಾಗಿ ಬರುವುದು ಈ ಗಿಣ್ಣಿನ ಹತ್ತಿರವೇ, ಅದಕ್ಕೇ ಅದು ನೀರಿನಲ್ಲಿ ಮುಳುಗಿರಬೇಕು, ಆದರೆ ಎಲೆ ಮುಳುಗಿದರೆ ಕೊಳೆತು ನಾರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಸಾಮಾನ್ಯವಾಗಿ 1-2 ವಾರದಲ್ಲಿ ಬಿಳಿ ಬೇರು ಕಾಣುತ್ತದೆ.

ಆಮೇಲೆ ಕುಂಡಕ್ಕೆ ಹಾಕಿ. ನೆಲಕ್ಕೆ ಮಾತ್ರ ಬೇಡ! ಇದರ ಕಾಂಡ ಮಣ್ಣಿನಡಿ ಹರಿದು ಪಕ್ಕದ ಗಿಡಗಳ ಜಾಗವನ್ನೆಲ್ಲ ನುಂಗಿಬಿಡುತ್ತದೆ. ಅಗಲವಾದ ಕುಂಡ, ತಳದಲ್ಲಿ ತೂತು, ಸ್ವಲ್ಪ ಬಿಸಿಲು. ಮಣ್ಣು ಒದ್ದೆಯಾಗಿರಲಿ, ಕೆಸರಾಗಬಾರದು.

ಕೊಯ್ಯುವಾಗ ಒಂದೊಂದೇ ಎಲೆ ಕೀಳಬೇಡಿ. ಸುಮ್ನೆ ತುದಿಯನ್ನೇ ಜೋಡಿ ಎಲೆಯ ಮೇಲೆ ಚಿವುಟಿ, ಅಲ್ಲಿಂದ ಎರಡು ಕವಲು ಹೊರಡುತ್ತವೆ. ಹೂ ಬರುವ ಮುಂಚೆ ಕೊಯ್ದರೆ ಘಮ ಜಾಸ್ತಿ. ಬಿಸಿನೀರಿಗೆ ಎಲೆ ಹಾಕಿದರೆ ಐದು ನಿಮಿಷ ಮುಚ್ಚಿಡಿ, ಇಲ್ಲದಿದ್ದರೆ ಪರಿಮಳದ ಎಣ್ಣೆಯೆಲ್ಲ ಆವಿಯ ಜೊತೆ ಹೋಗುತ್ತದೆ. ಎದೆಯುರಿ ಇರುವವರು ಇದನ್ನು ಜಾಸ್ತಿ ಕುಡಿಯದಿರುವುದು ಒಳ್ಳೆಯದು.